ಕಟ್ಟಿದ ಕುದುರೆ

ಶಿರೋಳದ ಕನಕಪ್ಪನಿಗೆ ಎರಡು ವಿಷಯದಲ್ಲಿ ಯಾರಾದರೂ ಎದುರಾಡಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಒಂದು, ಹೊಲಕ್ಕೆ ಕಾಲುವೆ ನೀರು ಯಾವಾಗ ಹಾಯಿಸಬೇಕೆಂಬುದು. ಇನ್ನೊಂದು, ಚದುರಂಗದಲ್ಲಿ ಕುದುರೆ ಹೆಚ್ಚೋ ಒಂಟೆ ಹೆಚ್ಚೋ ಎಂಬುದು. ನೀರಿನ ವಿಷಯದಲ್ಲಾದರೂ ಮಗ ದುರಗೇಶ ಹೇಳಿದ್ದನ್ನು ಒಮ್ಮೊಮ್ಮೆ ಕಿವಿಗೆ ಹಾಕಿಕೊಳ್ಳುತ್ತಿದ್ದ. ಕುದುರೆ-ಒಂಟೆಯ ವಿಷಯದಲ್ಲಿ ಮಾತ್ರ ಬ್ರಹ್ಮನೇ ಇಳಿದು ಬಂದು ಹೇಳಿದರೂ ಕೇಳುವ ಆಸಾಮಿ ಅಲ್ಲ.

ಪೇಟೆಯವರು ಬಿಷಪ್ ಎಂದು ಕರೆಯುವ ಕಾಯಿಗೆ ಈ ಕಡೆ ಒಂಟೆ ಎನ್ನುತ್ತಾರೆ. ಓರೆಯಾಗಿ ಎಷ್ಟು ದೂರ ಬೇಕಾದರೂ ಓಡುತ್ತದೆ. ಕುದುರೆ ಎಲ್ಲ ಊರಲ್ಲೂ ಕುದುರೆಯೇ, ಎರಡೂವರೆ ಮನೆ ಜಿಗಿಯುತ್ತದೆ. ಕಾಲಾಳು ಇಲ್ಲಿ ಪ್ಯಾದೆ, ರಾಣಿ ವಜೀರ. ಊರ ಹೆಬ್ಬಾಗಿಲ ಅಗಸಿ ಕಟ್ಟೆಯ ಮೇಲೆ ಕೂತು, ಬಾಯಿಯ ಚುಟ್ಟಾ ಕೈಗೆ ತೆಗೆದುಕೊಂಡು, ಕನಕಪ್ಪ ಇದನ್ನೇ ಪಾಠ ಮಾಡುತ್ತಿದ್ದ.

"ನೋಡ್ರಿ, ಆಟ ಮುಗಿಯೂ ಹೊತ್ತಿಗೆ ನಿಮ್ಮ ಕೈಯಾಗ ಒಂಟಿ ಉಳೀಬೇಕೋ ಕುದುರಿ ಉಳೀಬೇಕೋ ಅನ್ನೂದು ಹೊಲಾ ನೋಡಿ ಹೇಳಬೇಕು. ಹೊಲಾ ಬಯಲು ಐತೋ, ಪ್ಯಾದಿಗೋಳು ಎರಡೂ ದಂಡಿಗೆ ಹರಡ್ಯಾವೋ, ಒಂಟಿ ಇಟ್ಕೋರಿ. ಒಂದ ಕಡೆ ನಿಂತು ಎರಡೂ ದಂಡಿ ಕಾಯತೈತಿ. ನಡುವ ಬೇಲಿ ಹಚ್ಚಿದಂಗ ಪ್ಯಾದಿ ಸಿಕ್ಕೊಂಡಾವೋ, ಎಲ್ಲಾ ಒಂದ ಮೂಲ್ಯಾಗ ಅದಾವೋ, ಆವಾಗ ಕುದುರಿ. ಬೇಲಿ ಜಿಗಿಯೂದು ಅದಕ್ಕಷ್ಟ ಬರತೈತಿ. ಒಂಟಿ ಬಿಳೀ ಮನ್ಯಾಗ ಹುಟ್ಟಿದ್ರ ಸಾಯೂತನಾ ಬಿಳೀ ಮನ್ಯಾಗ. ಕರೀ ಮನ್ಯಾಗ ಏನ ನಡದೈತಿ ಅನ್ನೂದು ಅದಕ್ಕ ಗೊತ್ತ ಆಗೂದಿಲ್ಲ."

ಕೇಳಿದವರು ತಲೆಯಾಡಿಸುತ್ತಿದ್ದರು. ಆದರೆ ಕನಕಪ್ಪನ ಹೆಸರು ದೂರದ ಪುರ್ತಗೇರಿಯವರೆಗೆ ಹೋಗಿದ್ದು ಈ ಪಾಠದಿಂದಲ್ಲ, ಅವನು ಕುದುರೆ ಕಟ್ಟುವ ರೀತಿಯಿಂದ. ಎದುರಾಳಿಯ ಕುದುರೆ ಹಲಗೆಯ ದಂಡೆಗೆ ಬಂದು ನಿಂತಿತೋ, ಅದರ ಎದುರಿಗೆ ನಡುವೆ ಎರಡು ಮನೆ ಬಿಟ್ಟು ತನ್ನ ಒಂಟೆಯನ್ನು ತಂದು ನಿಲ್ಲಿಸುತ್ತಿದ್ದ. ಮುಗಿಯಿತು. ಕುದುರೆ ಜಿಗಿಯಬಹುದಾದ ಮನೆಗಳಿಗೆಲ್ಲ ಒಂಟೆಯ ಕಣ್ಣು ಬಿತ್ತು. ಎಲ್ಲಿಗೆ ಹಾರಿದರೂ ಸಾವು. "ಕಟ್ಟಿದೆ ನೋಡು, ಇನ್ನ ಮೇವು ಹಾಕು" ಎಂದು ಕನಕಪ್ಪ ಮೀಸೆ ತಿರುವುತ್ತಿದ್ದ.

ಹಾಗೆ ಕಟ್ಟಿದ ಕುದುರೆಯನ್ನು ಅವನು ಹೊಡೆಯುತ್ತಿರಲಿಲ್ಲ. ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಆ ಕಟ್ಟೆಯ ಆಟ ಹಳೆಯ ರಿವಾಜಿನದು. ಎದುರಾಳಿಯ ಕೊನೆಯ ಕಾಯಿಯನ್ನೂ ಹೊಡೆದು ಅವನ ರಾಜನನ್ನು ಬರಿಗೈಯಲ್ಲಿ ನಿಲ್ಲಿಸಿದರೆ ಅದಕ್ಕೆ ಬುರ್ಜಿ ಎನ್ನುತ್ತಿದ್ದರು. ಬುರ್ಜಿಯಾದರೆ ಆಟ ಅಲ್ಲಿಗೇ ಮುಗಿಯಿತು, ಇಬ್ಬರೂ ಸಮ. ಎಷ್ಟೇ ಕಾಯಿ ನಿಮ್ಮ ಕೈಯಲ್ಲಿರಲಿ, ಗೆಲುವಿಲ್ಲ. ಮೇಲಾಗಿ, ಬರಿಗೈ ರಾಜನನ್ನು ಅಟ್ಟಾಡಿಸುವುದು ಗಂಡಸಿನ ಕೆಲಸವಲ್ಲ ಎಂದು ಕಟ್ಟೆಯ ಮಂದಿ ನಗುತ್ತಿದ್ದರು. ಹಾಗಾಗಿ ಕೊನೆಯ ಕುದುರೆಯನ್ನು ಜೀವಂತ ಕಟ್ಟಿಹಾಕಿ, ಅದನ್ನು ಮುಟ್ಟದೆ, ಪ್ಯಾದೆಯನ್ನು ಮುಂದೆ ದೂಡಿ ರಾಜನನ್ನು ಹಿಡಿಯಬೇಕು. ಕನಕಪ್ಪನ ಕೈಚಳಕ ಇದ್ದದ್ದು ಅಲ್ಲಿ.

ಮೊಣಕಾಲು ಕೈಕೊಟ್ಟ ಮೇಲೆ ಅವನಿಗೆ ಕಟ್ಟೆ ಹತ್ತುವುದು ಕಷ್ಟವಾಯಿತು. ಹಲಗೆಯನ್ನು ಮನೆಗೆ ತಂದ. ದುರಗೇಶನಿಗೆ ಟ್ರ್ಯಾಕ್ಟರ್ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಹೆಂಡತಿ ಫಕೀರವ್ವನಿಗೆ ಆ ಕಾಯಿಗಳನ್ನು ಕಂಡರೇ ಆಗದು. ಪಡಸಾಲೆಯಲ್ಲಿ ಕನಕಪ್ಪ ಒಬ್ಬನೇ ಎರಡೂ ಕಡೆಯ ಆಟ ಆಡುತ್ತ, ತನಗೆ ತಾನೇ ಬೈಯುತ್ತ ಕೂತಿರುತ್ತಿದ್ದ. ಒಂದು ಮಧ್ಯಾಹ್ನ ಎತ್ತಿಗೆ ನೀರು ಕುಡಿಸಿ ಬಂದು ನೋಡಿದರೆ ಕರಿ ಕುದುರೆ ಇದ್ದ ಮನೆಯಲ್ಲಿಲ್ಲ. ಬೆಕ್ಕಿನ ಕೆಲಸವೆಂದು ಬೆಕ್ಕಿಗೆ ಬೈದ. ಆಮೇಲೆ ಬಗ್ಗಿ ನೋಡಿದ. ಕುದುರೆ ಲೆಕ್ಕಕ್ಕೆ ಸರಿಯಾಗಿ ಎರಡೂವರೆ ಮನೆ ಜಿಗಿದು, ಅವನ ವಜೀರ ಮತ್ತು ಆನೆ ಎರಡರ ಕುತ್ತಿಗೆಗೂ ಒಟ್ಟಿಗೇ ಬಂದು ಕೂತಿತ್ತು. ಬೆಕ್ಕಾಗಿದ್ದರೆ ಅದು ಸಾಮಾನ್ಯ ಬೆಕ್ಕಲ್ಲ.

ಮರುದಿನ ಬೇಕಂತಲೇ ಹಿತ್ತಿಲಿಗೆ ಹೋಗಿ ಕಿಟಕಿಯಲ್ಲಿ ಇಣುಕಿದ. ಸೊಸೆ ಭಾಗ್ಯಾ ಅಡುಗೆಮನೆಯಿಂದ ಬಂದು, ರೊಟ್ಟಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ, ಹಲಗೆಯ ಮುಂದೆ ಒಂದು ಗಳಿಗೆ ನಿಂತು, ಒಂದು ಕಾಯಿ ಸರಿಸಿ, ಬಂದಂತೆಯೇ ಒಳಗೆ ಓಡಿದಳು.

ಮದುವೆಯಾಗಿ ಬಂದಾಗಿನಿಂದ ಆಕೆ ಮಾವನ ಎದುರಿಗೆ ಕೂತವಳಲ್ಲ, ನೇರ ಮಾತಾಡಿದವಳಲ್ಲ. ಆ ಮನೆಯ ಪದ್ಧತಿಯೇ ಹಾಗೆ. ಫಕೀರವ್ವನಿಗೆ ವಿಷಯ ತಿಳಿದಾಗ ರಂಪ ಎದ್ದಿತು.

"ಮಾವ-ಸೊಸಿ ಎದರಾಬದರಾ ಕೂತು ಆಟ ಆಡತೀರೇನು? ಓಣ್ಯಾಗ ಮಂದಿ ಏನಂದಾರು? ನಮ್ಮ ಕಾಲದಾಗ ಮಾವನ ಚಪ್ಪಲಿ ಸಪ್ಪಳ ಕೇಳಿದ್ರ ಸಾಕು, ಒಳಗ ಓಡತಿದ್ವಿ!"

"ಎದರಾಬದರಾ ಎಲ್ಲೆ ಕೂಡತೇವಿ?" ಎಂದ ಕನಕಪ್ಪ. "ನಾ ಪಡಸಾಲ್ಯಾಗ, ಆಕಿ ಅಡಗಿಮನ್ಯಾಗ. ನಡುವ ಹೊಸ್ತಿಲಾ ಐತಿಲ್ಲ?"

ಹಾಗೆ ಶುರುವಾಯಿತು. ಪಡಸಾಲೆಯ ಕಡೆಯಿಂದ ಹಲಗೆಯನ್ನು ಹೊಸ್ತಿಲಿಗೆ ತಾಗಿಸಿ ಇಡುತ್ತಿದ್ದ. ಭಾಗ್ಯಾ ಅಡುಗೆಮನೆಯೊಳಗೆ ಬಾಗಿಲ ಚೌಕಟ್ಟಿನ ಮರೆಗೆ ಕೂರುತ್ತಿದ್ದಳು. ಅವನಿಗೆ ಕಾಣುತ್ತಿದ್ದದ್ದು ಆಕೆಯ ಕೈ ಮಾತ್ರ. ಬಳೆ ಸಪ್ಪಳವಾದರೆ ನಡೆ ಬಂತೆಂದು ಅರ್ಥ. 'ಶಹ' ಎಂದು ರಾಜನನ್ನು ಎಚ್ಚರಿಸಬೇಕಾದಾಗ ಆಕೆ ಬಾಯಿ ಬಿಡುತ್ತಿರಲಿಲ್ಲ, ಬೆರಳಿನಿಂದ ಹೊಸ್ತಿಲನ್ನು ತಟ್ಟುತ್ತಿದ್ದಳು. ಆ ತಟ್ಟುವಿಕೆ ಕೇಳಿದರೆ ಕನಕಪ್ಪನಿಗೆ ಎಲ್ಲಿಲ್ಲದ ಖುಷಿ. "ಆಹಾ, ಬಂದಳಪ್ಪಾ ಬಂದಳು" ಎಂದು ಹಲಗೆಗೆ ಹೇಳುತ್ತಿದ್ದ.

ಮೊದಲ ದಿನವೇ ಆಕೆಯ ಕೈ ಒಂದು ಪ್ಯಾದೆಯನ್ನು ಎರಡು ಮನೆ ದೂಡಿತು. ತವರಿನ ಶಾಲೆಯಲ್ಲಿ ಮೇಷ್ಟ್ರು ಕಲಿಸಿದ ಆಟ ಅದು, ಈಗ ಜಗತ್ತೆಲ್ಲ ಆಡುವ ಆಟ. ಕನಕಪ್ಪ ಗುರ್ರೆಂದ.

"ಇದ್ಯಾವ ಸಾಲಿ ಆಟ? ಈ ಮನ್ಯಾಗ ಪ್ಯಾದಿ ಒಂದ ಮನಿ ನಡೀತಾವು."

ಕೈ ಹಿಂದೆ ಬಂತು, ಪ್ಯಾದೆಯನ್ನು ಒಂದು ಮನೆಗೆ ಇಳಿಸಿತು. ಮತ್ತೆಂದೂ ಎರಡು ಮನೆ ಹೋಗಲಿಲ್ಲ. ಬುರ್ಜಿಯ ವಿಷಯವೂ ಹಾಗೆಯೇ ಆಯಿತು. ಒಮ್ಮೆ ಆಕೆ ಅವನ ಕೊನೆಯ ಕುದುರೆಯನ್ನು ಹೊಡೆದಳು. "ಬುರ್ಜಿ! ಗೆದ್ದ ಆಟ ನೀರಿಗೆ ಹಾಕಿದೆಲ್ಲವಾ ಯವ್ವಾ!" ಎಂದು ಅವನು ಹಣೆ ಬಡಿದುಕೊಂಡ. ಆಮೇಲೆ ಕುದುರೆ ಕಟ್ಟುವುದನ್ನು ಕಲಿಸಿದ. ದಂಡೆಯ ಕುದುರೆ, ನಡುವೆ ಎರಡು ಮನೆ, ಒಂಟೆ. ಕಟ್ಟು, ಆದರೆ ಮುಟ್ಟಬೇಡ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಆ ಕೈ ಕನಕಪ್ಪನ ಕುದುರೆಯನ್ನೇ ಕಟ್ಟತೊಡಗಿತು. ಸೋತ ದಿನ ಅವನಿಗೆ ಊಟ ಹೆಚ್ಚು ಸೇರುತ್ತಿತ್ತು.

ಹೀಗಿರುವಾಗ ಕಳೆದ ಮುಂಗಾರಿನಲ್ಲಿ ದುರಗೇಶನ ಮೊಬೈಲಿಗೆ ಒಂದು ಸುದ್ದಿ ಬಂತು. ನರಗುಂದದಲ್ಲಿ ಹೆಣ್ಣುಮಕ್ಕಳ ಚದುರಂಗ ಸ್ಪರ್ಧೆ. ಮೊದಲು ಬಂದವರನ್ನು ಧಾರವಾಡಕ್ಕೆ ತರಬೇತಿಗೆ ಕಳಿಸುತ್ತಾರೆ, ತರಬೇತಿ ಮುಗಿದ ಮೇಲೆ ಸುತ್ತಲಿನ ಶಾಲೆಗಳಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ. ಭಾಗ್ಯಾ ಅದನ್ನು ಓದಿದಳು. ಪಿಯುಸಿ ಮುಗಿಸಿ ಹಸೆಮಣೆ ಏರಿದವಳು, ಅಂದಿನಿಂದ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ರೊಟ್ಟಿ ಬಡಿಯುವುದು. ಆ ಮನೆಯಲ್ಲಿ ಆಕೆ ಇದು ಬೇಕು, ಅದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದನ್ನು ಯಾರೂ ಕೇಳಿರಲಿಲ್ಲ. ಈ ಸಲ ಕೇಳಿದಳು. ಗಂಡನಿಗೆ ಹೇಳಿದಳು, ಗಂಡ ತಾಯಿಗೆ ಹೇಳಿದ, ತಾಯಿ ಗೊಣಗುತ್ತ ಕನಕಪ್ಪನಿಗೆ ಹೇಳಿದಳು.

"ನಿಮ್ಮ ಸೊಸಿಗೆ ನರಗುಂದಕ್ಕ ಹೋಗಬೇಕಂತ. ಗೆದ್ರ ಸಾಲ್ಯಾಗ ಕಲಸೂ ಕೆಲಸ ಕೊಡತಾರಂತ. ನಿನ್ನೆ ಕಳೇ ತೆಗೆಯೂ ಮುಂದ ನನ್ನ ಮುಂದ ಅಂತಾಳ, ಅತ್ತಿ, ಸಾಲಿ ಗಂಟಿ ನನಗ ಇನ್ನೂ ಕನಸಿನ್ಯಾಗ ಕೇಳತೈತಿ ಅಂತ. ಅಂದು ಅತ್ತಬಿಟ್ಟಳು. ಆಕಿ ಕೈಯಾಗಿನ ಕುರಪಿ ನಾ ಇಸ್ಕೊಂಡೆ. ಕರಕೊಂಡ ಹೋಗಿ ಬರ್ರಿ."

ಕನಕಪ್ಪನ ಎದೆ ಒಂದು ಗೇಣು ಉಬ್ಬಿತು. ಅಂದಿನಿಂದ ಹೊಸ್ತಿಲ ಆಟ ಜೋರಾಯಿತು. ಹೊಲ ಬಯಲಿದ್ದರೆ ಹೀಗೆ, ಬೇಲಿ ಇದ್ದರೆ ಹಾಗೆ ಎಂದು ಚೌಕಟ್ಟಿನ ಆಚೆಗೆ ಕೂಗಿ ಕೂಗಿ ಹೇಳಿದ. ಒಳಗಿನಿಂದ "ಹ್ಞೂಂರಿ" ಬರುತ್ತಿತ್ತು. ಈಗಿನ ಆಟದ ಕಾನೂನು ಬೇರೆ ಇರಬಹುದೆಂದು ಅವನ ತಲೆಗೆ ಬರಲೇ ಇಲ್ಲ. ಪ್ಯಾದೆ ಎರಡು ಮನೆ ಹೋಗುತ್ತದೆಂಬುದು ಗೊತ್ತಿತ್ತು, ಅದು ಸಾಲಿ ಹುಡುಗರ ಅವಸರ ಎಂದುಕೊಂಡಿದ್ದ. ಬುರ್ಜಿ ಇಲ್ಲದ ಚದುರಂಗವನ್ನು ಮಾತ್ರ ಅವನು ಉಪ್ಪಿಲ್ಲದ ಸಾರಿನ ಹಾಗೆ ಊಹಿಸಿಕೊಳ್ಳಲೂ ಆರ.

ಸ್ಪರ್ಧೆಯ ದಿನ ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಗಡಿಬಿಡಿ. ದುರಗೇಶ ಹೊಲ ಬಿಟ್ಟು ಬರುವಂತಿರಲಿಲ್ಲ. ಧೋತರ ಉಟ್ಟು ರುಮಾಲು ಸುತ್ತಿ ಕನಕಪ್ಪನೇ ಸೊಸೆಯನ್ನು ಟಂಟಂ ಗಾಡಿಯಲ್ಲಿ ಕರೆದುಕೊಂಡು ಹೊರಟ. ಫಕೀರವ್ವ ಬೆಳಿಗ್ಗೆಯೇ ಹೋಳಿಗೆಗೆಂದು ಕಡಲೆಬೇಳೆ ನೆನೆಹಾಕಿ ಕಳಿಸಿಕೊಟ್ಟಳು.

ನರಗುಂದದ ಗುಡ್ಡದ ಬುಡದ ಹತ್ತಿರ ಒಂದು ದೊಡ್ಡ ಸಭಾಭವನ. ಸಾಲಾಗಿ ಮೇಜು, ಎದುರುಬದುರು ಕುರ್ಚಿ, ಪ್ರತಿ ಹಲಗೆಯ ಬಾಜೂಕ್ಕೆ ಗುಂಡಿ ಒತ್ತುವ ಗಡಿಯಾರ. ಭಾಗ್ಯಾ ತನ್ನ ಕುರ್ಚಿಯ ಹತ್ತಿರ ಹೋಗಿ ನಿಂತಳು. ಎಲ್ಲರೂ ಕೂತರು, ಆಕೆ ಕೂರಲಿಲ್ಲ. ಸ್ಪರ್ಧೆ ನಡೆಸುತ್ತಿದ್ದ ಕಳಕೇಶ ಮೇಷ್ಟ್ರು "ಕೂಡ್ರಿ ಮೇಡಂ" ಎಂದರು. ಆಕೆ ನೆಲ ನೋಡುತ್ತ ನಿಂತೇ ಇದ್ದಳು. ಬಾಗಿಲಲ್ಲಿ ನಿಂತಿದ್ದ ಕನಕಪ್ಪನಿಗೆ ಆಮೇಲೆ ಹೊಳೆಯಿತು. ಮಾವ ನಿಂತಿರುವಾಗ ಸೊಸೆ ಕುರ್ಚಿಯಲ್ಲಿ ಹೇಗೆ ಕೂತಾಳು! ಅವನು ನಗುತ್ತ ಹೊರಗೆ ಹೋದ. ಎದುರಿನ ಅಂಗಡಿಯಲ್ಲಿ ಚಹಾ ಕುಡಿದು, ಚುಟ್ಟಾ ಸೇದಿ, ಸಾವಕಾಶ ಬಂದು ಜಗಲಿಯ ಕಿಟಕಿಗೆ ನಿಂತ. ಅಷ್ಟರೊಳಗೆ ಕಳಕೇಶ ಮೇಷ್ಟ್ರು ಕಾನೂನುಗಳನ್ನೆಲ್ಲ ಹೇಳಿ ಮುಗಿಸಿದ್ದರು.

ಆಡುವಾಗ ಸೊಸೆಯ ಮುಖ ಹೇಗಿರುತ್ತದೆಂದು ಕನಕಪ್ಪ ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ಬರೀ ಕೈ ನೋಡಿದ್ದ. ಹುಬ್ಬು ಗಂಟಿಕ್ಕಿ, ಕೆಳತುಟಿ ಕಚ್ಚಿ, ಕಣ್ಣು ಹಲಗೆಯ ಮೂಲೆಯಿಂದ ಮೂಲೆಗೆ ಓಡಿಸುತ್ತಿದ್ದಳು. ಹೆದರಿಕೆಯಿಲ್ಲ, ನಾಚಿಕೆಯಿಲ್ಲ. ಸೆರಗು ತಲೆಯಿಂದ ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ. ಇಂಥ ಒಂದು ಮುಖ ತನ್ನ ಮನೆಯ ಅಡುಗೆಮನೆಯಲ್ಲಿ ಇಷ್ಟು ದಿನ ಇತ್ತಲ್ಲಾ ಎಂದು ಅವನಿಗೆ ಬೆರಗಾಯಿತು. ಬಿಡದೆ ನೋಡುತ್ತ ನಿಂತ, ಮೊಣಕಾಲಿನ ನೋವೂ ನೆನಪಾಗಲಿಲ್ಲ.

ಒಂದರ ಮೇಲೊಂದು ಆಟ ಗೆದ್ದಳು, ಒಂದು ಮಾತ್ರ ಸಮವಾಯಿತು. ಮೊದಲನೆಯ ಆಟದಲ್ಲಿ ಶಹ ಕೊಡುವಾಗ ಅಭ್ಯಾಸದ ಮೇಲೆ ಮೇಜು ತಟ್ಟಿಬಿಟ್ಟು, ತಾನೇ ನಾಲಿಗೆ ಕಚ್ಚಿಕೊಂಡಳು. ಸಂಜೆಯ ಹೊತ್ತಿಗೆ ಮೊದಲ ಸ್ಥಾನಕ್ಕೆ ಉಳಿದವರು ಇಬ್ಬರು. ಭಾಗ್ಯಾ, ಮತ್ತು ಗಜೇಂದ್ರಗಡದ ಯಾಸ್ಮಿನ ಎಂಬ ಕಾಲೇಜು ಹುಡುಗಿ. ಯಾಸ್ಮಿನ ಅರ್ಧ ಅಂಕ ಮುಂದಿದ್ದಳು. ಕಳಕೇಶ ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಹೇಳಿದರು. "ಸಮ ಆದ್ರ ಯಾಸ್ಮಿನ ಅವರ ಮೊದಲು. ಭಾಗ್ಯಾ ಅವರು ಗೆಲ್ಲಾಕ ಬೇಕು."

ಇದು ಕನಕಪ್ಪನ ಕಿವಿಗೂ ಬಿತ್ತು. ಸಮ ಆಗಬಾರದು. ಸಮ ಆದರೆ ಧಾರವಾಡ ಇಲ್ಲ, ಶಾಲೆ ಇಲ್ಲ, ಗಂಟೆ ಇಲ್ಲ.

ಯಾಸ್ಮಿನಳ ಕುದುರೆ ಮಿಂಚಿನಂಥದು. ಆದರೂ ಕಾಯಿಗಳು ಒಂದೊಂದೇ ಉದುರಿ, ಹೊಲ ಬಯಲಾಗುತ್ತ ಬಂತು. ಬಯಲಾದಷ್ಟೂ ಭಾಗ್ಯಾಳ ಒಂಟೆಗೆ ಕಾಲು ಬಂದವು. ಕೊನೆಗೆ ಯಾಸ್ಮಿನಳ ಹತ್ತಿರ ರಾಜ ಮತ್ತು ಒಂದು ಕುದುರೆ. ಭಾಗ್ಯಾಳ ಹತ್ತಿರ ರಾಜ, ಒಂಟೆ, ಒಂದೇ ಒಂದು ಪ್ಯಾದೆ. ಯಾಸ್ಮಿನಳ ರಾಜ ಆ ಪ್ಯಾದೆಯ ಕಡೆಗೆ ಕಣ್ಣಿಟ್ಟು ನಿಂತಿದ್ದ. ಅವಸರದಲ್ಲಿ ಹುಡುಗಿ ಕುದುರೆಯನ್ನು ದಂಡೆಗೆ ಜಿಗಿಸಿದಳು. ಭಾಗ್ಯಾಳ ಕೈ ಒಂಟೆಯ ಮೇಲೆ ಬಿತ್ತು. ನಡುವೆ ಎರಡು ಮನೆ.

ಕಟ್ಟಿದಳು!

ಕನಕಪ್ಪ ಕಿಟಕಿಯ ಸರಳು ಹಿಡಿದುಕೊಂಡ. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಪಕ್ಕದಲ್ಲಿ ನಿಂತಿದ್ದ ಯಾರಿಗೋ "ನಮ್ಮ ಸೊಸಿರಿ" ಎಂದ, ಅವರು ಕೇಳದಿದ್ದರೂ.

ಆಮೇಲೆ ಭಾಗ್ಯಾ ತನ್ನ ರಾಜನನ್ನು ಕುದುರೆಯ ಕಡೆಗೆ ನಡೆಸಿದಳು. ಮತ್ತೂ ಒಂದು ಹೆಜ್ಜೆ. ಮತ್ತೂ ಒಂದು. ಯಾಕ ಆ ಕಡೆ ಹೊಂಟಳಿವಳು, ಎಂದುಕೊಂಡ ಕನಕಪ್ಪ. ಪ್ಯಾದೆ ಇರೋದು ಈ ಕಡೆ. ರಾಜ ಹೋಗಿ ಕುದುರೆಯ ಮಗ್ಗುಲಿಗೇ ನಿಂತ. ಇನ್ನೊಂದು ನಡೆಯಲ್ಲಿ ಅದನ್ನು ಎತ್ತಿಬಿಡುತ್ತಾಳೆ! ಕೊನೆಯ ಕಾಯಿ! ಬುರ್ಜಿಯಾಗಿ ಸಮ ಆಗುತ್ತದಲ್ಲಾ ತಾಯಿ, ಮರೆತಿಯೇನು? ಯಾಸ್ಮಿನ ಗಲ್ಲಕ್ಕೆ ಕೈಹಚ್ಚಿ ಕೂತಿದ್ದಳು. ಆಟ ಕೈಬಿಟ್ಟವರು ಹಾಗೆ ಕೂರುತ್ತಾರೆಂಬುದು ಅವನಿಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಭಾಗ್ಯಾಳ ಕೈ ರಾಜನ ಮೇಲಕ್ಕೆ ಬಂತು. ಮುಟ್ಟಲಿಲ್ಲ. ಅಲ್ಲೇ ನಿಂತಿತು. ಆಕೆ ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು. ಮನೆಯಲ್ಲಿ ಎಂದೂ ಮಾವನ ಕಣ್ಣಿಗೆ ಕಣ್ಣು ಕೊಡದವಳು ಅಂದು ಕೊಟ್ಟಳು.

ಕನಕಪ್ಪ ಬೇಡವೆಂದು ತಲೆಯಾಡಿಸಿದ. ತೀರ ಸಣ್ಣಗೆ. ರುಮಾಲಿನ ಅಂಚು ಅಲುಗಿತೋ ಇಲ್ಲವೋ ಎನ್ನುವಷ್ಟು. ಯಾರೂ ನೋಡಲಿಲ್ಲ.

ಕೈ ಹಿಂದೆ ಸರಿಯಿತು. ಆಕೆ ಹಲಗೆಯನ್ನು ನೋಡಿದಳು, ಬಹಳ ಹೊತ್ತು, ಗಡಿಯಾರ ಓಡುತ್ತಿತ್ತು. ಆಮೇಲೆ ಪ್ಯಾದೆಯನ್ನು ಮುಂದೆ ದೂಡಿದಳು. ಯಾಸ್ಮಿನ ಗಲ್ಲದ ಕೈ ತೆಗೆದು ಸರಿಯಾಗಿ ಕೂತಳು. ಅಗಸಿ ಕಟ್ಟೆಯಲ್ಲಾಗಿದ್ದರೆ ಇಷ್ಟೊತ್ತಿಗೆ ಎದುರಾಳಿ ಕೈಚೆಲ್ಲಿ, ಚಹಾ ಹೇಳಿರುತ್ತಿದ್ದ. ಈ ಹುಡುಗಿ ಕೈಚೆಲ್ಲುವವಳಲ್ಲ. ಅವಳ ರಾಜ ಪ್ಯಾದೆಯ ಬೆನ್ನು ಹತ್ತಿದ. ಭಾಗ್ಯಾಳ ರಾಜ ದೂರದಲ್ಲಿ ಸಿಕ್ಕಿಕೊಂಡಿದ್ದ, ಓಡಿ ಬರುವುದರೊಳಗೆ ತಡವಾಗಿತ್ತು. ಪ್ಯಾದೆ ಉಳಿಸಿಕೊಳ್ಳಲು ಒಂಟೆ ಜಾಗ ಬಿಡಬೇಕಾಯಿತು. ಬಿಟ್ಟದ್ದೇ ತಡ, ಕಟ್ಟು ಕಿತ್ತ ಕುದುರೆ ನೆಗೆದು ನೆಗೆದು ಬಂತು, ಬಂದು ಪ್ಯಾದೆಯ ಮೇಲೆಯೇ ಬಿದ್ದು, ತಾನೂ ಸತ್ತು ಅದನ್ನೂ ಸಾಯಿಸಿತು. ಬರೀ ಒಂಟೆಯೊಂದರಿಂದ ಯಾವ ರಾಜನನ್ನೂ ಹಿಡಿಯಲಾಗದು. ಆಟ ಸಮ.

ಭಾಗ್ಯಾ ಎದ್ದು, ಸೆರಗು ತಲೆಗೆ ಎಳೆದುಕೊಂಡು, ಯಾಸ್ಮಿನಳ ಕೈ ಕುಲುಕಿದಳು.

ಮರಳಿ ಬರುವಾಗ ಟಂಟಂನಲ್ಲಿ ಕನಕಪ್ಪ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಅವನು ಕನಕಪ್ಪ ಹೇಗಾದಾನು! ಕಾಲುವೆ ದಾಟುವವರೆಗೂ ಪಾಠ ಮಾಡಿದ.

"ಕುದುರಿ ಕಟ್ಟಿದ್ದು ಭಾರೀ ಆತು ಭಾಗ್ಯವ್ವ. ಆದ್ರ ರಾಜನ್ನ ಅಷ್ಟ ದೂರ ಕಳಸಬಾರದಿತ್ತು. ಆಮ್ಯಾಲ ಪ್ಯಾದಿ ಲಗೂ ದೂಡಿಬಿಟ್ಟಿ. ಒಂದೀಟು ತಡೀಬೇಕಿತ್ತು. ಇರಲಿ, ಕುದುರಿ ತಿಂದು ಬುರ್ಜಿ ಮಾಡ್ಕೊಳ್ಳಾಕ ಹೋಗಿದ್ದೆಲ್ಲ, ನಾ ನೋಡದಿದ್ರ ಏನ ಗತಿ?"

"ಹೌದ್ರಿ ಮಾವಾರ" ಎಂದಳು ಭಾಗ್ಯಾ. ಟಂಟಂನ ಸದ್ದಿನಲ್ಲಿ ಅಷ್ಟೇ ಕೇಳಿಸಿತು. ಮನೆಯಲ್ಲಿ ಫಕೀರವ್ವ, ನೆನೆಹಾಕಿದ ಬೇಳೆ ಹಾಳಾಗಬಾರದೆಂದು ಹೋಳಿಗೆ ಮಾಡಿಯೇ ಬಿಟ್ಟಿದ್ದಳು. ಭಾಗ್ಯಾ ಎಲ್ಲರಿಗೂ ಬಡಿಸಿದಳು.

ಹೊಸ್ತಿಲ ಆಟ ಮತ್ತೆ ನಡೆಯಿತು. ಕೈ ಬರುತ್ತಿತ್ತು, ಬಳೆ ಸಪ್ಪಳವಾಗುತ್ತಿತ್ತು. ಈಚೆಗೆ ಕನಕಪ್ಪನೇ ಹೆಚ್ಚು ಗೆಲ್ಲುತ್ತಿದ್ದ. ಹೆಸರು ಬಿಡಿಸಿ ದಣಿದಿದ್ದಾಳೆ, ಪಾಪ, ಎಂದುಕೊಂಡ.

ಹೆಸರುಕಾಳು ಮಾರಲು ನರಗುಂದಕ್ಕೆ ಹೋದ ದಿನ, ಅಡತಿ ಅಂಗಡಿಯ ಹತ್ತಿರದ ಹೋಟೆಲ್ಲಿನಲ್ಲಿ ಕಳಕೇಶ ಮೇಷ್ಟ್ರು ಸಿಕ್ಕರು. ಅವರೇ ಗುರುತು ಹಿಡಿದು ಕರೆದರು.

"ಭಾಗ್ಯಾ ಅವರ ಮಾವನವರಲ್ರಿ ನೀವು? ಬರ್ರಿ, ಚಹಾ ಕುಡೀರಿ. ನಿಮ್ಮನ್ನ ಒಂದ ಮಾತು ಕೇಳಬೇಕಂತಿದ್ದೆ. ಕೈಗೆ ಬಂದ ಕುದುರಿ ಅವರು ಯಾಕ ಬಿಟ್ರು? ತಗೊಂಡಿದ್ರ ಅಲ್ಲೇ ಮುಗೀತಿತ್ತು. ಒಂಟಿ ಪ್ಯಾದಿ ಕಾಯತಿತ್ತು, ರಾಜ ಸಾವಕಾಶ ಬರತಿದ್ದ, ಪ್ಯಾದಿ ವಜೀರ ಆಗತಿತ್ತು."

ಕನಕಪ್ಪ ನಕ್ಕ. "ತಗೊಂಡ್ರ ಬುರ್ಜಿ ಆಕ್ಕಿತ್ತಲ್ರಿ ಮಾಸ್ತರ."

"ಬುರ್ಜಿ?" ಮೇಷ್ಟ್ರು ಕಪ್ಪು ಕೆಳಗಿಟ್ಟರು. "ಅದು ನಮ್ಮಜ್ಜನ ಕಾಲದ ಆಟ ಅಲ್ರಿ! ಈಗೆಲ್ಲಿ ಬುರ್ಜಿ? ಎಲ್ಲಾ ಕಾಯಿ ತಗೊಂಡ್ರೂ ಆಟ ನಡೀತೈತಿ, ರಾಜನ್ನ ಹಿಡೀಬೇಕು, ಅಷ್ಟ."

ಕನಕಪ್ಪ ಚಹಾವನ್ನು ಸುಮ್ಮನೆ ಬಸಿಗೆ ಸುರಿದುಕೊಂಡ. ಸಾವರಿಸಿಕೊಂಡು, "ಪಾಪ, ಆಕಿಗೆ ಗೊತ್ತಿಲ್ಲರಿ ಇದು. ನಾ ಕಲಿಸಿದ ಆಟ ಅದು" ಎಂದ. ಹಾಗೆಂದಾಗ ಅವನಿಗೆ ಸ್ವಲ್ಪ ಹಗುರೆನಿಸಿತು. ಗೊತ್ತಿಲ್ಲದೆ ಆದ ತಪ್ಪು, ಇಬ್ಬರದೂ.

"ಗೊತ್ತಿಲ್ಲ ಅಂದ್ರ ಹ್ಯಾಂಗ್ರಿ?" ಎಂದರು ಮೇಷ್ಟ್ರು. "ಅವತ್ತು ಮುಂಜಾನಿ ಕಾನೂನು ಹೇಳಿ ಮುಗಿಸಿ, ಯಾರಿಗರೆ ಸಂಶಯ ಐತೇನು ಅಂದೆ. ಎದ್ದು ನಿಂತು ಕೇಳಿದವರು ಅವರೊಬ್ಬರ. ಸರ್, ಕೊನೀ ಕಾಯಿ ಹೊಡದ್ರೂ ಆಟ ಮುಂದ ನಡೀತೈತಿಲ್ರಿ ಅಂತ. ನಡೀತೈತಿ ಅಂದೆ. ಎಷ್ಟ ಖುಷಿಲೆ ಕೂತರು ಅಂತೀರಿ. ಅದಕ್ಕ ನನಗ ಇನ್ನೂ ತಿಳೀವಲ್ದು, ಯಾಕ ಬಿಟ್ರು ಅಂತ."

ಯಾಕೆಂದು ಕನಕಪ್ಪನಿಗೆ ತಿಳಿಯಿತು. ತಿಳಿದದ್ದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೊರಗೆ ನಿಂತವರು ಸನ್ನೆ ಮಾಡಿದರೆಂದರೆ ಆಡಿದವಳ ಹೆಸರೇ ಕೆಡುತ್ತದೆ. ಭಾಗ್ಯಾಳೂ ಅದಕ್ಕೇ ಯಾರ ಮುಂದೆಯೂ ಹೇಳಿರಲಿಲ್ಲ. ಅಥವಾ ಹೇಳುವುದಕ್ಕೆ ಏನೂ ಇದೆಯೆಂದು ಅವಳಿಗೆ ಅನ್ನಿಸಿರಲೇ ಇಲ್ಲವೇನೋ. ಮುಂದಿನ ವರ್ಷ ಮತ್ತೆ ಸ್ಪರ್ಧೆ ಇರುತ್ತದೆಯೇ ಎಂದು ಕೇಳಿದ. ಇರಲಿಕ್ಕಿಲ್ಲ, ಇದ್ದದ್ದು ಒಂದೇ ಜಾಗ, ಯಾಸ್ಮಿನ ಆಗಲೇ ಧಾರವಾಡಕ್ಕೆ ಹೋಗಿದ್ದಾಳೆ ಎಂದರು ಮೇಷ್ಟ್ರು. ಅವನ ಚಹಾ ಅರ್ಧಕ್ಕರ್ಧ ಉಳಿಯಿತು.

ಊರಿಗೆ ಬರುವ ದಾರಿಯಲ್ಲೆಲ್ಲ ಅವನು ಆ ತಲೆಯಾಡಿಸಿದ್ದನ್ನೇ ನೆನೆದ. ಥೂ, ಏನು ತಲೆ ಇದು! ಕೂಗಿದ್ದಲ್ಲ, ಬೈದದ್ದಲ್ಲ. ಇಷ್ಟೇ ಇಷ್ಟು ಅಲುಗಿದ್ದು. ಅಷ್ಟು ಸಾಕಾಯಿತು ಅವಳಿಗೆ. ಶಾಲೆ ಬೇಕೆಂದು ಅತ್ತವಳು, ಗೆಲುವು ಕೈಯಡಿಗೆ ಇದ್ದಾಗ, ಅದು ಗೆಲುವೆಂದು ಗೊತ್ತಿದ್ದೂ ಬಿಟ್ಟುಕೊಟ್ಟಳಲ್ಲಾ. ಅವನಿಗೆ ಅವಳ ಮೇಲೆಯೇ ಸಿಟ್ಟು ಬಂತು. ಸಿಟ್ಟು ಹೆಚ್ಚು ದೂರ ಬರಲಿಲ್ಲ, ಕಾಲುವೆಯ ಹತ್ತಿರವೇ ಇಳಿದುಹೋಯಿತು.

ಮನೆಗೆ ಬಂದವನು ಕೈಕಾಲು ತೊ‍ಳೆಯಲಿಲ್ಲ. ಹಲಗೆ ತಂದು ಹೊಸ್ತಿಲಿಗೆ ತಾಗಿಸಿ ಇಟ್ಟ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಚೌಕಟ್ಟಿನ ಮರೆಯಲ್ಲಿ ಬಳೆ ಸಪ್ಪಳವಾಯಿತು. ಕನಕಪ್ಪ ಕಾಯಿ ಹೂಡಲಿಲ್ಲ.

"ಭಾಗ್ಯವ್ವ. ಕುದುರಿ ತಗೊಂಡ್ರೂ ಆಟ ನಡೀತೈತಿ ಅಂತ ನಿನಗ ಗೊತ್ತಿತ್ತೇನು?"

ಚೌಕಟ್ಟಿನ ಮರೆಯಿಂದ ಉತ್ತರ ಬಂತು.

"ಗೊತ್ತಿತ್ರಿ."

"ಮತ್ಯಾಕ ಬಿಟ್ಟಿ?"

"ನೀವು ಬ್ಯಾಡಂದ್ರಲ್ರಿ."

ಆ ದನಿಯಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮಳೆ ಬಂತು, ಅದಕ್ಕೇ ಬಟ್ಟೆ ಒಳಗೆ ತಂದೆ ಎನ್ನುವಂತೆ ಹೇಳಿದಳು. ಕನಕಪ್ಪನ ಕಣ್ಣು ಹನಿಗೂಡಿದವು, ರುಮಾಲಿನಿಂದ ಒರೆಸಿಕೊಂಡ.

"ಅವತ್ತು ನಾ ತಪ್ಪು ಮಾಡಿದೆ ಯವ್ವಾ. ನಿಂದೆಲ್ಲಾ ಹಾಳ ಮಾಡಿದೆ."

ಆಮೇಲೆ ಹಲಗೆಯನ್ನು ಹೊಸ್ತಿಲಿನಿಂದ ಎತ್ತಿ ಪಡಸಾಲೆಯ ನಟ್ಟನಡುವೆ ತಂದಿಟ್ಟ.

"ಹೊರಗ ಬಾ. ಇನ್ನ ಮ್ಯಾಲ ಇಲ್ಲೇ ಕೂತ ಆಡೋಣು. ಎದರಾಬದರಾ."

ಫಕೀರವ್ವ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಗಂಡನ ಮುಖ ನೋಡಿ ಈ ಸಲ ಬಂದಂತೆಯೇ ಹಿತ್ತಿಲಿಗೆ ತಿರುಗಿದಳು. ಭಾಗ್ಯಾ ಹೊಸ್ತಿಲು ದಾಟಿ ಬಂದಳು. ಎದುರಿಗೆ ಕೂತಳು, ಮಂಡಿ ಕೂಡಿಸಿ, ಸೆರಗು ಸರಿಮಾಡಿ, ಹೇಳಿಸಿಕೊಂಡ ಹಾಗೆ.

ಕನಕಪ್ಪ ಕಾಯಿ ಹೂಡಿದ, ಪೂರ್ತಿಯಲ್ಲ. ನರಗುಂದದಲ್ಲಿ ಇದ್ದಷ್ಟೇ. ಅವಳಿಗೆ ಒಂಟೆ, ಪ್ಯಾದೆ, ರಾಜ. ತನಗೆ ರಾಜ ಮತ್ತು ಒಂದು ಕುದುರೆ, ದಂಡೆಯಲ್ಲಿ ಕಟ್ಟಿದ್ದು. ಅವಳ ರಾಜನನ್ನು ಕುದುರೆಯ ಮಗ್ಗುಲಿಗೇ ಇಟ್ಟ.

"ಈ ಮನ್ಯಾಗ ಇನ್ನ ಬುರ್ಜಿ ಇಲ್ಲ. ನಿನ್ನ ನಡಿ. ನಿನಗ ಹ್ಯಾಂಗ ತಿಳೀತೈತಿ ಹಂಗ ಆಡು."

ಭಾಗ್ಯಾಳ ಕೈ ರಾಜನ ಮೇಲಕ್ಕೆ ಬಂತು. ಮುಟ್ಟಲಿಲ್ಲ. ಅಲ್ಲೇ ನಿಂತಿತು. ಆಕೆ ತಲೆಯೆತ್ತಿ ಮಾವನ ಮುಖ ನೋಡಿದಳು. ಕಿಟಕಿಯ ಕಡೆ ನೋಡಿದ ಅದೇ ನೋಟ.

ಕನಕಪ್ಪ ತಲೆ ಅಲುಗಿಸಲಿಲ್ಲ, ಹೌದೆಂದೂ ಇಲ್ಲ, ಬೇಡವೆಂದೂ ಇಲ್ಲ. ತನ್ನ ಮುಖವೇ ಅವಳಿಗೆ ಕಾಣಬಾರದೆಂದು ಕೂತಲ್ಲೇ ಗೋಡೆಯ ಕಡೆಗೆ ತಿರುಗಿ, ಕಣ್ಣು ಮುಚ್ಚಿ, ಬಳೆಯ ಸಪ್ಪಳಕ್ಕೆ ಕಾದ. ಒಲೆಯ ಮೇಲಿನ ಹಂಚಿನಲ್ಲಿ ರೊಟ್ಟಿ ಸೀದ ವಾಸನೆ ಬರತೊಡಗಿತು. ಅವನು ಕಾಯುತ್ತಲೇ ಇದ್ದ, ಅವಳೂ ಕಾಯುತ್ತಲೇ ಇದ್ದಳು.